ಮೂರು ಯಂತ್ರ, ಮೂರು ಉತ್ತರ: ಎಮ್ಯುಲೇಟರ್‌ನಲ್ಲಿ ನ್ಯಾನ್ ರಿಪೇರಿ

ತುಮಕೂರಿನ ಒಂದು ಡಿಪ್ಲೊಮಾ ಕಾಲೇಜಿನ ಲ್ಯಾಬಿಗಾಗಿ ಬರೆದ ಪುಟ್ಟ ರಿಸ್ಕ್-ಫೈವ್ ಎಮ್ಯುಲೇಟರ್‌ಗೆ (ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸವನ್ನು ಬೇರೆ ಯಂತ್ರದ ಮೇಲೆ ಅನುಕರಿಸುವ ಪ್ರೋಗ್ರಾಂಗೆ) ಫ್ಲೋಟಿಂಗ್ ಪಾಯಿಂಟ್, ಅಂದರೆ ಭಿನ್ನಾಂಶವಿರುವ ಸಂಖ್ಯೆಗಳ ಲೆಕ್ಕ, ಸೇರಿಸುವ ಕೆಲಸ ಈ ವಾರ ಮುಗಿಯಿತು. ಕೂಡುವುದು, ಕಳೆಯುವುದು, ಗುಣಿಸುವುದು ಬೇಗನೆ ಆಗಿಬಿಟ್ಟಿತ್ತು. ಸಮಯವನ್ನೆಲ್ಲ ತಿಂದದ್ದು ನ್ಯಾನ್. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ, ಋಣ ಸಂಖ್ಯೆಯ ವರ್ಗಮೂಲ ಕೇಳಿದಾಗ, ಅನಂತದಿಂದ ಅನಂತವನ್ನು ಕಳೆದಾಗ ಬರುವ, ಸಂಖ್ಯೆಯೇ ಅಲ್ಲದ ಆ ಮೌಲ್ಯ.

ಸಾಮಗ್ರಿ: ಸಿ ಭಾಷೆ, ಜಿಸಿಸಿ ಕಂಪೈಲರ್, ದೋಷ ಹುಡುಕಲು ಜಿಡಿಬಿ, ಕಂಪೈಲರ್ ಹುಟ್ಟಿಸಿದ ಯಂತ್ರಾದೇಶಗಳನ್ನು ನೋಡಲು ಆಬ್ಜ್‌ಡಂಪ್. ಎಮ್ಯುಲೇಟರ್ ಅನುಕರಿಸುವುದು 32 ಬಿಟ್‌ನ ರಿಸ್ಕ್-ಫೈವ್ ಅನ್ನು, ಎಫ್ ವಿಸ್ತರಣೆಯೊಂದಿಗೆ. ಅಂದರೆ 32 ಬಿಟ್ ಫ್ಲೋಟ್ ಮಾತ್ರ. ಇದನ್ನು ಓಡಿಸಿದ್ದು ಮೂರು ಬಗೆಯ ಯಂತ್ರಗಳ ಮೇಲೆ: ನನ್ನ 64 ಬಿಟ್ ಇಂಟೆಲ್ ಲ್ಯಾಪ್‌ಟಾಪ್, ವಿದ್ಯಾರ್ಥಿಯೊಬ್ಬ ಮನೆಯಿಂದ ತಂದ ರಾಸ್ಪ್‌ಬೆರಿ ಪೈ 4, ಲ್ಯಾಬಿನ ಹಳೆಯ ಡೆಸ್ಕ್‌ಟಾಪ್‌ಗಳು. ಆ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೂ 32 ಬಿಟ್ ಡೆಬಿಯನ್ ಲಿನಕ್ಸ್ ಇದೆ. ಖರ್ಚು ದೊಡ್ಡದೇನಲ್ಲ. ಒಂದು ಪೆನ್ ಡ್ರೈವ್‌ಗೆ 350 ರೂಪಾಯಿ, ಗಡಿಯಾರ ಮರೆತ ಮದರ್‌ಬೋರ್ಡಿಗೆ ಬಿ.ಎಚ್. ರಸ್ತೆಯ ಅಂಗಡಿಯಿಂದ ತಂದ ಬಟನ್ ಸೆಲ್‌ಗೆ 40, ಕೈಪಿಡಿಯ ಎಫ್ ಅಧ್ಯಾಯದ ಜೆರಾಕ್ಸ್‌ಗೆ 36. ಬಟನ್ ಸೆಲ್ ಇಲ್ಲಿಗೇಕೆ ಬಂತು ಎಂದರೆ, ಯಂತ್ರದ ದಿನಾಂಕ ಹಿಂದಕ್ಕೆ ಓಡಿದ್ದರೆ, ಬದಲಾದ ಕಡತಗಳನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ಮೇಕ್ ಸಾಧನ ಯಾವ ಕಡತ ಹೊಸದು ಎಂದು ತಿಳಿಯದೆ ಹಳೆಯ ಆಬ್ಜೆಕ್ಟ್ ಕಡತವನ್ನೇ ಇಟ್ಟುಕೊಳ್ಳುತ್ತದೆ. ರಿಪೇರಿ ಮಾಡಿದರೂ ದೋಷ ಹಾಗೆಯೇ ಕಾಣುತ್ತದೆ.

ಹಂತ 1: ಕೊಬ್ಬರಿಯ ಬೆಲೆ

ಮೊದಲು ಸಿಕ್ಕಿಬಿದ್ದದ್ದು ತಿಪಟೂರಿನ ಕೊಬ್ಬರಿ ದರದ ಲೆಕ್ಕದಲ್ಲಿ. ವಾರದ ಒಟ್ಟು ಮೊತ್ತವನ್ನು ವಹಿವಾಟು ನಡೆದ ದಿನಗಳಿಂದ ಭಾಗಿಸಿ, ಸರಾಸರಿಯನ್ನು ಪೂರ್ಣಾಂಕ ಮಾಡಿ ತೋರಿಸುವ ಪುಟ್ಟ ಅಸೆಂಬ್ಲಿ ಪ್ರೋಗ್ರಾಂ ಅದು. ಹಬ್ಬದ ವಾರವೊಂದನ್ನು ವಹಿವಾಟಿಲ್ಲದೆ ಖಾಲಿ ಬಿಟ್ಟಿದ್ದರು.

"ಮೇಡಂ, ಕೊಬ್ಬರಿ ಕ್ವಿಂಟಲಿಗೆ ಮೈನಸ್ ಇನ್ನೂರ ಹದಿನಾಲ್ಕು ಕೋಟಿ ತೋರಿಸುತ್ತಿದೆ."

"ನನ್ನದರಲ್ಲಿ ಸೊನ್ನೆ ಬಂದಿದೆ ಮೇಡಂ," ಎಂದ ಪೈ ತಂದಿದ್ದ ಹುಡುಗ.

ಎರಡೂ ತಪ್ಪು. ನ್ಯಾನ್ ಅನ್ನು ಚಿಹ್ನೆ ಸಹಿತ ಪೂರ್ಣಾಂಕ ಮಾಡಿದರೆ ರಿಸ್ಕ್-ಫೈವ್ ನಿಯಮದ ಪ್ರಕಾರ ಬರಬೇಕಾದದ್ದು 2147483647. ನಾನು ಬರೆದಿದ್ದದ್ದು ಸಿ ಭಾಷೆಯ ಸಾದಾ ಕಾಸ್ಟ್, ಅಂದರೆ ಮೌಲ್ಯದ ಬಗೆ ಬದಲಿಸು ಎನ್ನುವ ಸೂಚನೆ. ಅಲ್ಲಿ ನ್ಯಾನ್‌ಗೆ ಏನು ಬರಬೇಕೆಂದು ಭಾಷೆಯೇ ಹೇಳುವುದಿಲ್ಲ. ಕೆಳಗಿನ ಯಂತ್ರ ಕೊಟ್ಟದ್ದು ಬರುತ್ತದೆ. ಇಂಟೆಲ್ ಕೊಡುವುದು −2147483648, ಪೈಯಲ್ಲಿರುವ ಆರ್ಮ್ ಪ್ರೊಸೆಸರ್ ಕೊಡುವುದು 0.

ಫ್ಲೋಟ್ ರಿಜಿಸ್ಟರ್ (ಪ್ರೊಸೆಸರ್ ಲೆಕ್ಕದ ಮೌಲ್ಯ ಇಟ್ಟುಕೊಳ್ಳುವ ಜಾಗ) ಮುದ್ರಿಸಿ ನೋಡಿದರೆ ಮೂಲದಲ್ಲೇ ವ್ಯತ್ಯಾಸವಿತ್ತು. 32 ಬಿಟ್ ಫ್ಲೋಟ್‌ನಲ್ಲಿ ಚಿಹ್ನೆಗೆ 1 ಬಿಟ್, ಘಾತಕ್ಕೆ 8, ಭಿನ್ನಕ್ಕೆ 23. ಘಾತದ ಎಂಟೂ ಬಿಟ್ 1 ಆಗಿದ್ದು ಭಿನ್ನ ಸೊನ್ನೆಯಾಗಿದ್ದರೆ ಅನಂತ, ಸೊನ್ನೆಯಲ್ಲದಿದ್ದರೆ ನ್ಯಾನ್. ಹಾಗಾಗಿ ನ್ಯಾನ್ ಒಂದಲ್ಲ, ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು ವಿನ್ಯಾಸಗಳು ನ್ಯಾನ್. ಸೊನ್ನೆ ಭಾಗಿಸು ಸೊನ್ನೆಗೆ ಸಿಕ್ಕಿದ್ದು ಹೀಗೆ:

ಇಂಟೆಲ್: 1 11111111 10000000000000000000000
ಆರ್ಮ್: 0 11111111 10000000000000000000000

ರಿಸ್ಕ್-ಫೈವ್‌ಗೆ ಬೇಕಾದದ್ದು ಎರಡನೆಯದು, ದಶಮಾನದಲ್ಲಿ 2143289344. ಇಂಟೆಲ್ ತಾನಾಗಿ ಹುಟ್ಟಿಸುವ ನ್ಯಾನ್‌ಗೆ ಚಿಹ್ನೆಯ ಬಿಟ್ ಏರಿರುತ್ತದೆ. ಲ್ಯಾಪ್‌ಟಾಪಿನ ಪರದೆಯಲ್ಲಿ 'ಮೈನಸ್ ನ್ಯಾನ್' ಎಂದು ಬರುತ್ತಿದ್ದದ್ದು ಅದಕ್ಕೇ.

ಹಂತ 2: ಒಂದೇ ಸಾಲಿನ ರಿಪೇರಿ

ಪ್ರತಿ ಲೆಕ್ಕದ ನಂತರ 'ಉತ್ತರ ನ್ಯಾನ್ ಆಗಿದ್ದರೆ ಅದರ ಜಾಗದಲ್ಲಿ 2143289344 ಇಡು' ಎಂದು, ನ್ಯಾನ್ ಹೌದೇ ಎಂದು ಹೇಳುವ ಸಿ ಭಾಷೆಯ ಇಸ್‌ನ್ಯಾನ್ ಬಳಸಿ ಒಂದು ಮ್ಯಾಕ್ರೊ ಹಾಕಿದೆ. ಏನೂ ಬದಲಾಗಲಿಲ್ಲ. ಆಬ್ಜ್‌ಡಂಪ್‌ನಲ್ಲಿ ನೋಡಿದರೆ ಆ ಹೋಲಿಕೆಯೇ ಇಲ್ಲ, ಕಂಪೈಲರ್ ಸಾಲನ್ನೇ ನುಂಗಿತ್ತು. ಮೇಕ್‌ಫೈಲ್‌ನಲ್ಲಿ ವೇಗಕ್ಕೆಂದು ಯಾವಾಗಲೋ ಸೇರಿಸಿದ ಫಾಸ್ಟ್-ಮ್ಯಾತ್ ಆಯ್ಕೆ ಕುಳಿತಿತ್ತು. ಅದನ್ನು ಕೊಟ್ಟರೆ 'ಈ ಪ್ರೋಗ್ರಾಂನಲ್ಲಿ ನ್ಯಾನ್ ಬರುವುದೇ ಇಲ್ಲ' ಎಂದು ಜಿಸಿಸಿಗೆ ಮಾತು ಕೊಟ್ಟಂತೆ. ಬರುವುದೇ ಇಲ್ಲವಾದರೆ ಪರೀಕ್ಷೆ ಏಕೆ ಎಂದು ಅದು ತೆಗೆದುಹಾಕುತ್ತದೆ. ಸಾಲದ್ದಕ್ಕೆ, ಲಿಂಕ್ ಮಾಡುವಾಗ ಈ ಆಯ್ಕೆ ಇದ್ದರೆ ಇಂಟೆಲ್ ಯಂತ್ರದಲ್ಲಿ ಅತಿ ಸಣ್ಣ ಸಂಖ್ಯೆಗಳನ್ನು ಸೊನ್ನೆಯಾಗಿಸುವ ಸ್ಥಿತಿಯನ್ನೂ ಜಾರಿಗೆ ತರುತ್ತದೆ. ಎಮ್ಯುಲೇಟರ್ ಬರೆಯುವವರ ಮೇಕ್‌ಫೈಲ್‌ನಲ್ಲಿ ಈ ಆಯ್ಕೆಗೆ ಜಾಗವಿಲ್ಲ.

ಆಯ್ಕೆಯನ್ನು ಕಿತ್ತು, ಇಸ್‌ನ್ಯಾನ್ ಅನ್ನೂ ಬಿಟ್ಟು, ಪೂರ್ಣಾಂಕದ ಪರೀಕ್ಷೆಗೆ ಬಂದೆ. 32 ಬಿಟ್‌ಗಳನ್ನು ಪೂರ್ಣಾಂಕವಾಗಿ ತೆಗೆದುಕೊಂಡು, ಚಿಹ್ನೆಯ ಬಿಟ್ ಅಳಿಸಿ, ಉಳಿದದ್ದು 2139095040ಕ್ಕಿಂತ ದೊಡ್ಡದೇ ಎಂದು ನೋಡುವುದು. ದೊಡ್ಡದಾದರೆ ನ್ಯಾನ್, ಸಮನಾದರೆ ಅನಂತ. ಇದನ್ನು ಯಾವ ಕಂಪೈಲರ್ ಆಯ್ಕೆಯೂ ಅಲುಗಾಡಿಸಲಾರದು.

ಕೊಬ್ಬರಿ ಲೆಕ್ಕ ಸರಿಹೋಯಿತು, ಇನ್ನೊಂದು ಕೆಟ್ಟಿತು. ಮ್ಯಾಕ್ರೊವನ್ನು ಎಲ್ಲ ಆದೇಶಗಳಿಗೂ ಹಾಕಿದ್ದರಿಂದ ಚಿಹ್ನೆ ಬದಲಿಸುವ ಎಫ್‌ಎಸ್‌ಜಿಎನ್‌ಜೆ ಗುಂಪಿಗೂ ಅದು ತಗುಲಿತು. ಆ ಆದೇಶಗಳು ಲೆಕ್ಕ ಮಾಡುವುದಿಲ್ಲ, ಬಿಟ್ ಎತ್ತಿ ಇಡುತ್ತವೆ ಅಷ್ಟೇ. ನ್ಯಾನ್ ಬಂದರೂ ಅದರ ಒಳಗನ್ನು ಮುಟ್ಟದೆ ಚಿಹ್ನೆಯನ್ನು ಮಾತ್ರ ಬದಲಿಸಬೇಕು. ಮೆಮೊರಿಯಿಂದ ಓದುವ, ಬರೆಯುವ, ಪೂರ್ಣಾಂಕ ರಿಜಿಸ್ಟರ್‌ಗೆ ಸಾಗಿಸುವ ಆದೇಶಗಳಿಗೂ ಇದೇ ನಿಯಮ. ಆದೇಶಗಳನ್ನು ಎರಡು ರಾಶಿ ಮಾಡಿದೆ: ಲೆಕ್ಕ ಮಾಡುವವು, ಸಾಗಿಸುವವು. ಮ್ಯಾಕ್ರೊ ಮೊದಲ ರಾಶಿಗೆ ಮಾತ್ರ.

ಹಂತ 3: ಬೂದು ಬಂಡೆ ಗುಲಾಬಿಯಾದದ್ದು

ಇಷ್ಟರಲ್ಲಿ ಲ್ಯಾಬಿನ ಹಳೆಯ ಯಂತ್ರದಿಂದ ವಿಚಿತ್ರ ದೂರು ಬಂತು. ವಿದ್ಯಾರ್ಥಿನಿಯೊಬ್ಬಳು ಚಿತ್ರವನ್ನು ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ನಕಲು ಮಾಡುವ ಪ್ರೋಗ್ರಾಂ ಬರೆದಿದ್ದಳು. ಪೂರ್ಣಾಂಕ ರಿಜಿಸ್ಟರ್‌ಗಳು ಸಾಲದೆ ಬಂದು ಫ್ಲೋಟ್ ರಿಜಿಸ್ಟರ್ ಬಳಸಿದ್ದಳು: ಎಫ್‌ಎಲ್‌ಡಬ್ಲ್ಯೂ ಆದೇಶದಿಂದ ಓದು, ಎಫ್‌ಎಸ್‌ಡಬ್ಲ್ಯೂನಿಂದ ಬರೆ. ರಿಸ್ಕ್-ಫೈವ್‌ನಲ್ಲಿ ಇದು ಪೂರ್ತಿ ನ್ಯಾಯವಾದದ್ದು. ಚಿತ್ರ ದೇವರಾಯನದುರ್ಗದ ಬಂಡೆಗಳದ್ದು. ನಕಲಿನಲ್ಲಿ ಬಂಡೆಗಳಿಗೆ ಗುಲಾಬಿ ಬಣ್ಣ ಮೆತ್ತಿತ್ತು. ಆಕಾಶ ಸರಿಯಾಗಿತ್ತು, ನೆರಳೂ ಸರಿಯಾಗಿತ್ತು, ಮಧ್ಯಮ ಬೂದು ಮಾತ್ರ ಕೆಟ್ಟಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪ್ರೋಗ್ರಾಂ, ಅದೇ ಚಿತ್ರ, ಏನೂ ತೊಂದರೆಯಿಲ್ಲ.

ಒಂದು ಪಿಕ್ಸೆಲ್ ಹಿಡಿದು ನೋಡಿದೆವು. ಹೋದದ್ದು ಕೆಂಪು 150, ಹಸಿರು 150, ನೀಲಿ 150. ಬಂದದ್ದು ಕೆಂಪು 214, ಹಸಿರು 150, ನೀಲಿ 150. ಪಕ್ಕದ್ದು ನೋಡಿದರೆ ಕೆಂಪು 131 ಇದ್ದದ್ದು 195. ಎಲ್ಲ ಕಡೆ ವ್ಯತ್ಯಾಸ 64, ಅಂದರೆ ಒಂದೇ ಒಂದು ಬಿಟ್.

ಕಾಗದದ ಮೇಲೆ ಬರೆದಾಗ ಗುಟ್ಟು ರಟ್ಟಾಯಿತು. ಪಿಕ್ಸೆಲ್‌ನ 32 ಬಿಟ್‌ಗಳಲ್ಲಿ ಮೇಲಿನ ಎಂಟು ಪಾರದರ್ಶಕತೆಗೆ, ಮುಂದಿನ ಎಂಟು ಕೆಂಪಿಗೆ. ಪಾರದರ್ಶಕವಲ್ಲದ ಪಿಕ್ಸೆಲ್‌ಗೆ ಮೇಲಿನ ಎಂಟೂ ಬಿಟ್ 1. ಕೆಂಪು 128 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದರ ಮೊದಲ ಬಿಟ್ಟೂ 1. ಫ್ಲೋಟ್ ಕಣ್ಣಿನಿಂದ ನೋಡಿದರೆ ಚಿಹ್ನೆ 1, ಘಾತದ ಎಂಟೂ 1: ನ್ಯಾನ್. ಕೆಂಪಿನ ಎರಡನೆಯ ಬಿಟ್ ಬಂದು ಕೂರುವುದು ಭಿನ್ನದ ಮೊದಲ ಬಿಟ್‌ನ ಜಾಗದಲ್ಲಿ. ಆ ಬಿಟ್ 1 ಇದ್ದರೆ ಕ್ವೈಟ್ ನ್ಯಾನ್, ಸುಮ್ಮನೆ ಲೆಕ್ಕದ ಮೂಲಕ ಹರಿದುಹೋಗುವಂಥದ್ದು. 0 ಇದ್ದರೆ ಸಿಗ್ನಲಿಂಗ್ ನ್ಯಾನ್, ಲೆಕ್ಕಕ್ಕೆ ಸಿಕ್ಕೊಡನೆ ಎಚ್ಚರಿಕೆ ಎಬ್ಬಿಸುವಂಥದ್ದು. ಕೆಂಪು 128ರಿಂದ 191ರವರೆಗಿನ ಪಿಕ್ಸೆಲ್‌ಗಳು ಸಿಗ್ನಲಿಂಗ್ ನ್ಯಾನ್‌ಗಳು. ಯಾರೋ ಅವುಗಳನ್ನು ಕ್ವೈಟ್ ಮಾಡುತ್ತಿದ್ದರು, ಅಂದರೆ ಆ ಬಿಟ್ ಏರಿಸಿ ಕೆಂಪಿಗೆ 64 ಸೇರಿಸುತ್ತಿದ್ದರು.

ಮಾಡುತ್ತಿದ್ದದ್ದು ಇಂಟೆಲ್ ಬಗೆಯ ಪ್ರೊಸೆಸರ್‌ಗಳ ಹಳೆಯ ಫ್ಲೋಟ್ ಘಟಕ ಎಕ್ಸ್87. ನನ್ನ ಎಮ್ಯುಲೇಟರ್‌ನಲ್ಲಿ ರಿಜಿಸ್ಟರ್ ಓದುವ ಫಂಕ್ಷನ್ ಫ್ಲೋಟ್ ಹಿಂತಿರುಗಿಸುತ್ತಿತ್ತು. 32 ಬಿಟ್ ಲಿನಕ್ಸ್‌ನ ಪದ್ಧತಿಯಲ್ಲಿ ಫಂಕ್ಷನ್‌ನಿಂದ ಹಿಂತಿರುಗುವ ಫ್ಲೋಟ್ ಬರುವುದು ಎಕ್ಸ್87 ಸ್ಟ್ಯಾಕ್‌ನ ತುದಿಯಲ್ಲಿ. 32 ಬಿಟ್ ಮೌಲ್ಯವನ್ನು ಅಲ್ಲಿಗೆ ಏರಿಸುವಾಗ ಅದು 80 ಬಿಟ್‌ಗೆ ಹಿಗ್ಗುತ್ತದೆ. ಆ ಪರಿವರ್ತನೆಯೂ ಒಂದು ಲೆಕ್ಕವೇ ಎಂದು ಎಕ್ಸ್87 ಭಾವಿಸುತ್ತದೆ, ಸಿಗ್ನಲಿಂಗ್ ನ್ಯಾನ್ ಅಲ್ಲಿಯೇ ಕ್ವೈಟ್ ಆಗುತ್ತದೆ. ಜಿಡಿಬಿಯಲ್ಲಿ ಕಂಡದ್ದು:

ಮೆಮೊರಿಯಲ್ಲಿ: 0 11111111 00000000000000000000001
ಫಂಕ್ಷನ್ ದಾಟಿದ ಮೇಲೆ: 0 11111111 10000000000000000000001

ದಶಮಾನದಲ್ಲಿ 2139095041 ಹೋಗಿ 2143289345.

ಎಕ್ಸ್87 ಬಿಟ್ಟು ಅದಕ್ಕಿಂತ ಹೊಸದಾದ ಎಸ್‌ಎಸ್‌ಇ2 ಆದೇಶಗಳನ್ನು ಬಳಸು ಎಂದು ಕಂಪೈಲರ್‌ಗೆ ಹೇಳಿದೆ. ಪ್ರಯೋಜನವಾಗಲಿಲ್ಲ. ಲೆಕ್ಕಗಳೇನೋ ಎಸ್‌ಎಸ್‌ಇಗೆ ಹೋದವು, ಆದರೆ ಹಿಂತಿರುಗುವ ದಾರಿ ಪದ್ಧತಿಯಲ್ಲಿ ಬರೆದಿಟ್ಟದ್ದು, ಅದು ಎಕ್ಸ್87 ಮೂಲಕವೇ. ಆಪ್ಟಿಮೈಸೇಶನ್ ಏರಿಸಿದರೆ ಫಂಕ್ಷನ್ ಕರಗಿ ಕರೆದ ಜಾಗದಲ್ಲೇ ಸೇರಿಕೊಂಡು ದೋಷ ಮಾಯವಾಗುತ್ತಿತ್ತು. ಡೀಬಗ್ ಕಟ್ಟಣೆಯಲ್ಲಿ ಮತ್ತೆ ಹಾಜರು. ಇಂಥ ಮಾಯವಾಗುವಿಕೆಯನ್ನು ರಿಪೇರಿ ಎಂದು ನಂಬಿ ಮುಂದೆ ಹೋಗಬಾರದು.

ಸರಿಯಾದ ರಿಪೇರಿ ರಚನೆಯದು. 32 ಫ್ಲೋಟ್ ರಿಜಿಸ್ಟರ್‌ಗಳನ್ನೂ 32 ಬಿಟ್ ಪೂರ್ಣಾಂಕಗಳ ಸರಣಿಯಾಗಿ ಬದಲಿಸಿದೆ. ಓದುವ, ಬರೆಯುವ, ಸಾಗಿಸುವ ಫಂಕ್ಷನ್‌ಗಳೆಲ್ಲ ಪೂರ್ಣಾಂಕವನ್ನೇ ಕೊಟ್ಟು ತೆಗೆದುಕೊಳ್ಳುತ್ತವೆ. ಫ್ಲೋಟ್ ಎಂಬ ಪದ ಕೂಡುವ, ಗುಣಿಸುವ ಸಾಲಿನ ಒಳಗೆ ಮಾತ್ರ ಕಾಣಬೇಕು, ಆ ಸಾಲಿನಾಚೆ ಬರಕೂಡದು. ಬಂಡೆಗಳು ಬೂದು ಬಣ್ಣಕ್ಕೆ ಮರಳಿದವು. ನ್ಯಾನ್ ಬಗೆ ಹೇಳುವ ಎಫ್‌ಕ್ಲಾಸ್ ಆದೇಶವೂ ಹಳೆಯ ಯಂತ್ರದಲ್ಲಿ ಆವರೆಗೆ ಸಿಗ್ನಲಿಂಗ್‌ಗೆ ಕೊಡಬೇಕಾದ ಬಿಟ್ 8ರ ಬದಲು ಕ್ವೈಟ್‌ನ ಬಿಟ್ 9 ಕೊಡುತ್ತಿತ್ತು, ಅದೂ ಇದರಿಂದಲೇ ಸರಿಹೋಯಿತು.

ಹಂತ 4: ಫ್ಲ್ಯಾಗ್‌ಗಳು

ಲೆಕ್ಕದಲ್ಲಿ ಏನು ಎಡವಟ್ಟಾಯಿತು ಎಂದು ಗುರುತಿಟ್ಟುಕೊಳ್ಳುವ ಬಿಟ್‌ಗಳೇ ಫ್ಲ್ಯಾಗ್‌ಗಳು. ರಿಸ್ಕ್-ಫೈವ್‌ನಲ್ಲಿ ಐದು ಫ್ಲ್ಯಾಗ್ ಇವೆ. ತಪ್ಪು ಲೆಕ್ಕಕ್ಕೆ ಎನ್‌ವಿ, ಅದರ ಬೆಲೆ 16. ನಂತರ ಸೊನ್ನೆಯಿಂದ ಭಾಗಕ್ಕೆ 8, ಉಕ್ಕಿದ್ದಕ್ಕೆ 4, ತೀರಾ ಸಣ್ಣದಾದದ್ದಕ್ಕೆ 2, ಉತ್ತರ ಕರಾರುವಾಕ್ಕಲ್ಲ ಎನ್ನುವ ಎನ್‌ಎಕ್ಸ್‌ಗೆ 1. ಕೆಳಗಿನ ಯಂತ್ರದ ಫ್ಲ್ಯಾಗ್‌ಗಳನ್ನು ಸಿ ಗ್ರಂಥಾಲಯದ ಮೂಲಕ ಓದಿ ನಕಲು ಮಾಡಿದರಾಯಿತು ಎಂದುಕೊಂಡೆ. ಫ್ಲ್ಯಾಗ್ ಅಳಿಸು, ಕೂಡು, ಫ್ಲ್ಯಾಗ್ ಓದು. ಕಂಪೈಲರ್‌ಗೆ ಈ ಮೂರರ ನಡುವೆ ನಂಟು ಕಾಣುವುದಿಲ್ಲ, ಕೂಡುವ ಆದೇಶವನ್ನು ಓದಿದ ಮೇಲೆ ಹಾಕಿಬಿಡುತ್ತಿತ್ತು. ಇದನ್ನು ತಡೆಯಲೆಂದೇ ಸಿ ಮಾನಕದಲ್ಲಿ ಒಂದು ಪ್ರಾಗ್ಮಾ (ಕಂಪೈಲರ್‌ಗೆ ಕೊಡುವ ಸೂಚನೆ) ಇದೆ, ಆದರೆ ಜಿಸಿಸಿ ಅದನ್ನು ಪಾಲಿಸುವುದಿಲ್ಲ. ಕ್ರಮ ಬದಲಿಸದಂತೆ ವೊಲಟೈಲ್ ಎಂಬ ಗುರುತು ಹಾಕಿ ಕಟ್ಟಿಹಾಕಿದರೆ ಕೆಲಸ ನಡೆಯಿತು, ವೇಗ ಸತ್ತಿತು.

ಹೋಲಿಕೆಗಳಲ್ಲಿ ಒಂದು ಸೂಕ್ಷ್ಮವಿದೆ. ಸಮವೇ ಎಂದು ಕೇಳುವ ಎಫ್‌ಇಕ್ಯೂ ಆದೇಶ ಸಿಗ್ನಲಿಂಗ್ ನ್ಯಾನ್‌ಗೆ ಮಾತ್ರ ಎನ್‌ವಿ ಏರಿಸುತ್ತದೆ. ಚಿಕ್ಕದೇ ಎಂದು ಕೇಳುವ ಎಫ್‌ಎಲ್‌ಟಿ, ಚಿಕ್ಕದು ಅಥವಾ ಸಮವೇ ಎಂದು ಕೇಳುವ ಎಫ್‌ಎಲ್‌ಇ ಯಾವ ನ್ಯಾನ್ ಕಂಡರೂ ಏರಿಸುತ್ತವೆ. ಉತ್ತರ ಮೂರಕ್ಕೂ 0. ಇವನ್ನು ಪೂರ್ಣಾಂಕ ಪರೀಕ್ಷೆಯಾಗಿ ಕೈಯಲ್ಲೇ ಬರೆದೆ.

ಎರಡರಲ್ಲಿ ಚಿಕ್ಕದನ್ನು, ದೊಡ್ಡದನ್ನು ಆರಿಸುವ ಎಫ್‌ಮಿನ್, ಎಫ್‌ಮ್ಯಾಕ್ಸ್‌ಗೆ ಸಿ ಗ್ರಂಥಾಲಯದ ಅದೇ ಹೆಸರಿನ ಫಂಕ್ಷನ್ ನಂಬುವ ಹಾಗಿಲ್ಲ. ಒಂದು ಕಡೆ ನ್ಯಾನ್, ಇನ್ನೊಂದು ಕಡೆ 1.0 ಇದ್ದರೆ ರಿಸ್ಕ್-ಫೈವ್ 1.0 ಕೊಡುತ್ತದೆ, ಸಿಗ್ನಲಿಂಗ್ ಆಗಿದ್ದರೂ ಕೊಡುತ್ತದೆ, ಆಗ ಮಾತ್ರ ಜೊತೆಗೆ ಎನ್‌ವಿ ಏರಿಸುತ್ತದೆ. ಎರಡೂ ನ್ಯಾನ್ ಆದರೆ 2143289344. ಎಫ್ ವಿಸ್ತರಣೆಯ 2.2ನೇ ಆವೃತ್ತಿಯಲ್ಲಿ ಸಿಗ್ನಲಿಂಗ್ ನ್ಯಾನ್‌ನ ನಿಯಮ ಬದಲಾಗಿದೆ. ಹಳೆಯ ಜೆರಾಕ್ಸ್ ಹಿಡಿದು ಕೂತರೆ ಪರೀಕ್ಷೆ ಪಾಸಾಗದು. ಮೈನಸ್ ಸೊನ್ನೆ ಪ್ಲಸ್ ಸೊನ್ನೆಗಿಂತ ಚಿಕ್ಕದು ಎನ್ನುವುದನ್ನೂ ಇಲ್ಲಿ ಪಾಲಿಸಬೇಕು.

ಗುಣಿಸಿ ಕೂಡುವ ಎಫ್‌ಎಂಆಡ್‌ನಲ್ಲಿ ಒಂದೇ ಮಾತು: ಅನಂತ ಗುಣಿಸು ಸೊನ್ನೆ, ಅದಕ್ಕೆ ಕ್ವೈಟ್ ನ್ಯಾನ್ ಕೂಡಿದಾಗ ಎನ್‌ವಿ ಏರಿಸಬೇಕೇ ಎಂಬುದನ್ನು ಫ್ಲೋಟ್ ಲೆಕ್ಕದ ಮಾನಕವಾದ ಐಇಇಇ 754 ತಯಾರಕರಿಗೆ ಬಿಟ್ಟಿದೆ. ರಿಸ್ಕ್-ಫೈವ್ ಏರಿಸಲೇಬೇಕು ಎನ್ನುತ್ತದೆ.

ಹಂತ 5: ಸಾಫ್ಟ್‌ಫ್ಲೋಟ್ ತಂದದ್ದು

ಜಾನ್ ಹೌಸರ್ ಅವರ ಬರ್ಕ್ಲಿ ಸಾಫ್ಟ್‌ಫ್ಲೋಟ್ ಗ್ರಂಥಾಲಯ ಫ್ಲೋಟ್ ಲೆಕ್ಕವನ್ನೆಲ್ಲ ಪೂರ್ಣಾಂಕದಲ್ಲೇ ಮಾಡುತ್ತದೆ. ಫ್ಲ್ಯಾಗ್‌ಗಳ ತಲೆನೋವು ಇಲ್ಲವೇ ಇಲ್ಲ. ಅದನ್ನು ಕಟ್ಟುವಾಗ ಯಾವ ಪ್ರೊಸೆಸರ್‌ನ ನಡತೆ ಬೇಕು ಎಂದು ಒಂದು ಕೋಶ (ಫೋಲ್ಡರ್) ಆರಿಸಬೇಕು. ಲ್ಯಾಪ್‌ಟಾಪ್ ಇಂಟೆಲ್ ಅಲ್ಲವೇ ಎಂದು 8086-ಎಸ್‌ಎಸ್‌ಇ ಕೊಟ್ಟೆ. ಮೈನಸ್ ನ್ಯಾನ್ ಮತ್ತೆ ಪ್ರತ್ಯಕ್ಷ! ಆರಿಸಬೇಕಾದದ್ದು ಓಡುವ ಯಂತ್ರವನ್ನಲ್ಲ, ಅನುಕರಿಸುವ ಯಂತ್ರವನ್ನು. ನಾನು ಇಳಿಸಿಕೊಂಡ ಪ್ರತಿಯಲ್ಲಿ ರಿಸ್ಕ್-ಫೈವ್ ಕೋಶ ಇರಲಿಲ್ಲ. ಹತ್ತಿರದ್ದು ಆರ್ಮ್-ವಿಎಫ್‌ಪಿವಿ2, ಅದರಲ್ಲೂ ಡಿಫಾಲ್ಟ್-ನ್ಯಾನ್ ಎಂಬ ಬಗೆ. ಲೆಕ್ಕದ ನ್ಯಾನ್‌ಗಳೆಲ್ಲ ಅದರಲ್ಲಿ 2143289344 ಆಗಿಯೇ ಬರುತ್ತವೆ. ಎರಡು ತಿದ್ದುಪಡಿ ಮಾಡಿದೆ. ನ್ಯಾನ್‌ನಿಂದ ಪೂರ್ಣಾಂಕಕ್ಕೆ ಆರ್ಮ್ ಕೊಡುವ 0 ತೆಗೆದು ಚಿಹ್ನೆ ಸಹಿತಕ್ಕೆ 2147483647, ಚಿಹ್ನೆ ರಹಿತಕ್ಕೆ 4294967295 ಇಟ್ಟೆ. ಉತ್ತರ ತೀರಾ ಸಣ್ಣದಾಯಿತೇ ಎಂಬುದನ್ನು ಆರ್ಮ್ ರೌಂಡ್ ಮಾಡುವ ಮೊದಲು ನೋಡುತ್ತದೆ, ರಿಸ್ಕ್-ಫೈವ್ ಮಾಡಿದ ನಂತರ, ಅದನ್ನೂ ಬದಲಿಸಿದೆ.

ಪರೀಕ್ಷೆಗೆ ಅದೇ ಮನೆತನದ ಟೆಸ್ಟ್‌ಫ್ಲೋಟ್ ಓಡಿಸಿದಾಗ ಒಂದೂ ದೋಷ ಬರಲಿಲ್ಲ. ಅನುಮಾನ ಬಂದು ಬೇಕೆಂದೇ ನ್ಯಾನ್‌ನ ಚಿಹ್ನೆ ಕೆಡಿಸಿ ಓಡಿಸಿದೆ, ಆಗಲೂ ಬರಲಿಲ್ಲ. ನ್ಯಾನ್ ಒಳಗಿನ ಬಿಟ್‌ಗಳನ್ನು ಅದು ತಾನಾಗಿ ಹೋಲಿಸುವುದಿಲ್ಲ, ಚೆಕ್-ನ್ಯಾನ್ಸ್ ಎಂಬ ಆಯ್ಕೆ ಕೊಡಬೇಕು. ಪೂರ್ಣಾಂಕ ಪರಿವರ್ತನೆಯ ಕೆಟ್ಟ ಉತ್ತರಗಳಿಗೆ ಇನ್ನೊಂದು ಆಯ್ಕೆ. ಎರಡನ್ನೂ ಕೊಟ್ಟ ಮೇಲೆ ಕೆಡಿಸಿದ್ದು ಸಿಕ್ಕಿಬಿತ್ತು. ಪರೀಕ್ಷೆಯನ್ನು ನಂಬುವ ಮೊದಲು ಗೊತ್ತಿರುವ ದೋಷವೊಂದನ್ನು ಅದರ ಬಾಯಿಗೆ ಹಾಕಿ ನೋಡುವುದು ನನ್ನ ಹಳೆಯ ಅಭ್ಯಾಸ.

ಹಂತ 6: ವೇಗ

ಎಲ್ಲವನ್ನೂ ಸಾಫ್ಟ್‌ಫ್ಲೋಟ್‌ಗೆ ಕೊಟ್ಟಾಗ ಮ್ಯಾಂಡಲ್‌ಬ್ರಾಟ್ ಚಿತ್ರ ಬಿಡಿಸುವ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ 11.3 ಸೆಕೆಂಡ್ ತೆಗೆದುಕೊಂಡಿತು. ವೊಲಟೈಲ್ ಕಾಲದಲ್ಲಿ 6.8 ಇತ್ತು. ಲ್ಯಾಬಿನ ಹಳೆಯ ಯಂತ್ರದಲ್ಲಂತೂ ವಿದ್ಯಾರ್ಥಿಗಳು ಅಷ್ಟರಲ್ಲಿ ಕ್ಯಾಂಟೀನ್‌ಗೆ ಹೋಗಿ ಬರುತ್ತಿದ್ದರು.

ಕ್ಯೂಎಮು ಎಮ್ಯುಲೇಟರ್‌ನಲ್ಲಿರುವ ಉಪಾಯವನ್ನು ಎರವಲು ತಂದೆ. ಎನ್‌ಎಕ್ಸ್ ಫ್ಲ್ಯಾಗ್ ಒಮ್ಮೆ ಏರಿದರೆ ಪ್ರೋಗ್ರಾಂ ಇಳಿಸುವವರೆಗೂ ಏರಿಯೇ ಇರುತ್ತದೆ. ಆಗಲೇ ಏರಿದ್ದರೆ, ಈ ಲೆಕ್ಕ ಕರಾರುವಾಕ್ಕೇ ಎಂದು ಕೇಳುವ ಅಗತ್ಯವೇ ಇಲ್ಲ. ಹಾಗಾಗಿ ಎನ್‌ಎಕ್ಸ್ ಏರಿದ್ದು, ರೌಂಡಿಂಗ್ ಮಾಮೂಲಿನದಾಗಿದ್ದು, ಎರಡೂ ಸಂಖ್ಯೆಗಳು ಸೊನ್ನೆ ಅಥವಾ ಸಾಧಾರಣ ಸಂಖ್ಯೆಯಾಗಿದ್ದರೆ ಕೆಳಗಿನ ಯಂತ್ರದ ಫ್ಲೋಟ್‌ನಲ್ಲೇ ಲೆಕ್ಕ. ಉತ್ತರ ಅನಂತವಾದರೆ ಅಥವಾ ತೀರಾ ಸಣ್ಣದಾದರೆ ಎಸೆದು ಸಾಫ್ಟ್‌ಫ್ಲೋಟ್‌ನಲ್ಲಿ ಮತ್ತೆ ಮಾಡುವುದು. ಛೇದ ಸೊನ್ನೆಯಾದ ಭಾಗಾಕಾರ, ಋಣ ಸಂಖ್ಯೆಯ ವರ್ಗಮೂಲ ನೇರ ಸಾಫ್ಟ್‌ಫ್ಲೋಟ್‌ಗೆ. ಈ ಜರಡಿಯಲ್ಲಿ ನ್ಯಾನ್ ಯಾವತ್ತೂ ಇಂಟೆಲ್‌ನ ಕೈಗೂ ಆರ್ಮ್‌ನ ಕೈಗೂ ಸಿಗುವುದಿಲ್ಲ. ಸಮಯ 5.1 ಸೆಕೆಂಡಿಗೆ ಇಳಿಯಿತು.

ಈಗಿನ ಸ್ಥಿತಿ

ರಿಸ್ಕ್-ಫೈವ್‌ನ ಮುಕ್ತ ಪರೀಕ್ಷಾ ಸಂಗ್ರಹದಲ್ಲಿ 32 ಬಿಟ್ ಫ್ಲೋಟ್ ವಿಭಾಗ ಮೂರೂ ಯಂತ್ರಗಳಲ್ಲಿ ಪಾಸು. ಸೋತ ಪರೀಕ್ಷೆ ಹುಡುಕುವವರಿಗೆ ಒಂದು ಸೂಚನೆ: ಜಿಪಿ ರಿಜಿಸ್ಟರ್‌ನಲ್ಲಿ ಉಳಿಯುವುದು ಪರೀಕ್ಷೆಯ ಸಂಖ್ಯೆಯ ಎರಡರಷ್ಟಕ್ಕೆ ಒಂದು ಕೂಡಿದ್ದು. 41 ಕಂಡರೆ ನೋಡಬೇಕಾದದ್ದು 20ನೆಯದನ್ನು.

ಇದೇ ಎಮ್ಯುಲೇಟರ್‌ಗೆ ಮಿಪ್ಸ್ ಎಂಬ ಇನ್ನೊಂದು ಪ್ರೊಸೆಸರ್ ವಿನ್ಯಾಸವನ್ನೂ ಸೇರಿಸೋಣವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದಾರೆ. ಹಳೆಯ ಮಿಪ್ಸ್‌ನಲ್ಲಿ ಭಿನ್ನದ ಮೊದಲ ಬಿಟ್‌ನ ಅರ್ಥ ತಿರುವುಮುರುವು, ಅಲ್ಲಿ 1 ಎಂದರೆ ಸಿಗ್ನಲಿಂಗ್. 1985ರ ಐಇಇಇ ಮಾನಕ ಇದನ್ನು ಗೊತ್ತುಮಾಡಿರಲಿಲ್ಲ, 2008ರಲ್ಲಿ ಬಂದ ಶಿಫಾರಸು ಈಗಿನ ರೂಢಿಯ ಪರವಾಗಿದೆ. ಸದ್ಯಕ್ಕೆ ಬೇಡ ಎಂದಿದ್ದೇನೆ.

ಮುಂದಿರುವುದು 64 ಬಿಟ್ ಫ್ಲೋಟ್‌ನ ಡಿ ವಿಸ್ತರಣೆ. ಅಲ್ಲಿ 64 ಬಿಟ್ ರಿಜಿಸ್ಟರ್‌ನಲ್ಲಿ 32 ಬಿಟ್ ಮೌಲ್ಯ ಇಟ್ಟಾಗ ಮೇಲಿನ 32 ಬಿಟ್‌ಗಳೂ 1 ಆಗಿರಬೇಕು, ಇಲ್ಲದಿದ್ದರೆ 32 ಬಿಟ್ ಫ್ಲೋಟ್‌ನ ಆದೇಶಗಳು ಆ ಮೌಲ್ಯವನ್ನು 2143289344 ಎಂದೇ ಓದಬೇಕು. ಎಫ್‌ಎಸ್‌ಡಬ್ಲ್ಯೂ ಮತ್ತು ಪೂರ್ಣಾಂಕಕ್ಕೆ ಸಾಗಿಸುವ ಆದೇಶ ಮಾತ್ರ ಮೇಲಿನ ಅರ್ಧವನ್ನು ನೋಡದೆ ಕೆಳಗಿನದನ್ನು ಇದ್ದ ಹಾಗೆ ಎತ್ತಿಕೊಡಬೇಕು. ಎರಡನೆಯ ಹಂತದಲ್ಲಿ ಮಾಡಿದ ಎರಡು ರಾಶಿಗಳು ಇಲ್ಲಿಗೆ ಹಾಗೆಯೇ ಸಾಲವು, ಎಫ್‌ಎಸ್‌ಜಿಎನ್‌ಜೆ ಗುಂಪು ಕೂಡ ಇಲ್ಲಿ ಮೇಲಿನ ಅರ್ಧವನ್ನು ನೋಡಬೇಕು. ಸರಣಿಯನ್ನು 64 ಬಿಟ್‌ಗೆ ಅಗಲಿಸಿ ಇಟ್ಟಿದ್ದೇನೆ, ಆದೇಶಗಳನ್ನು ಇನ್ನೂ ಮುಟ್ಟಿಲ್ಲ.